ಕ್ಲಬ್ಬಿನ ಮಾರ್ಕರ್ ದೇವೇಂದ್ರ

“ನಮ್ಮನೇಲಿ ಒಬ್ಬ ಮದ್ವೆ ಹೆಣ್ಣು ಅವ್ನೆ ಕಣ್ರಪ್ಪ. ಕೈಗೆ ಗೋರಂಟಿ ಮೆತ್ಕೊಂಡು ಕೂತವ್ನೆ. ಹಸಿನ ಕೆಚ್ಲು ಮುಟ್ಟಿದ್ರೆ ಬಣ್ಣ ಹೋಯ್ತದಂತೆ.”

ಕೆಂಚಪ್ಪ ಇದನ್ನು ಹೇಳಿದ್ದು ಮಾದಿಹಳ್ಳಿಯ ಹಾಲಿನ ಡೈರಿಯ ಮುಂದೆ, ಬೆಳಿಗ್ಗೆ ಆರೂವರೆಗೆ, ಅರ್ಧ ಊರೇ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಾಗ. ಮದುವೆ ಹೆಣ್ಣು ಎಂದದ್ದು ತನ್ನ ಇಪ್ಪತ್ನಾಲ್ಕು ವರ್ಷದ ಕಿರಿಮಗ ದೇವೇಂದ್ರನನ್ನು. ಅವನು ಅಪ್ಪನ ಹಿಂದೆಯೇ ಎಡಗೈಯಲ್ಲಿ ಕ್ಯಾನು ತೂಗಿಕೊಂಡು ನಿಂತಿದ್ದ. ಬಲಗೈ ಸ್ವೆಟರಿನೊಳಗಿತ್ತು.

ಸಾಲು ನಕ್ಕಿತು. ಹಾಗಾದ್ರೆ ಗಂಡು ಎಲ್ಲೀದು ಎಂದು ಬಸಮ್ಮ ಕೇಳಿದಳು. ಗಂಗಯ್ಯ, ಗಂಡು ಬೇಲೂರಿನ ಕಾಫಿ ಸಾಹುಕಾರ, ಜೀಪಲ್ಲಿ ಬಂದು ಕರ್ಕೊಂಡೋಯ್ತಾನೆ ಎಂದ. ಮತ್ತೊಮ್ಮೆ ನಗು. ಒಳಗೆ ಹಾಲಿನ ಡಿಗ್ರಿ ನೋಡುತ್ತ ಕೂತಿದ್ದ ಮೋಹನ್‌ಕುಮಾರ್ ತಲೆ ಎತ್ತಲಿಲ್ಲ. ಅವನು ಕೆಂಚಪ್ಪನ ಹಿರಿಮಗ, ಡೈರಿಯ ಕಾರ್ಯದರ್ಶಿ. ತಮ್ಮನನ್ನು ಊರು ಆಡಿಕೊಳ್ಳುತ್ತಿದ್ದಾಗ ಅವನಿಗೆ ಗಾಜಿನ ಕೊಳವೆಯೊಳಗೆ ಬಹಳ ಕೆಲಸವಿತ್ತು.

“ಮೂರು ವಾರ ಅಷ್ಟೇ ಅಂದಿದೀನಲ್ಲಪ್ಪ,” ಎಂದ ದೇವೇಂದ್ರ.

“ಮೂರು ವಾರ ನಿನ್ ಅತ್ತಿಗೆ ಕೈ ಏನಾಗ್ಬೇಕ್ಲಾ?”

ಅತ್ತಿಗೆಯ ಕೈ ಬಗ್ಗೆ ಕೆಂಚಪ್ಪನಿಗೆ ಅಷ್ಟು ಕಾಳಜಿ ಇದ್ದಿದ್ದರೆ ತಾನೇ ಕೂತು ಕರೆಯಬಹುದಿತ್ತು. ಅವನು ಮದುವೆಯಾದ ದಿನದಿಂದ ಹಸುವಿನ ಕೆಳಗೆ ಕೂತವನಲ್ಲ. ಹಾಲು ಅಳೆಸಿ ಚೀಟಿ ಇಸಿದುಕೊಳ್ಳುವುದು ಮಾತ್ರ ಅವನ ಕೆಲಸ.

ಆ ಮನೆಯಲ್ಲಿ ನಾಲ್ಕು ಹಸು. ಮೂರು ಸಾಧು, ಯಾರು ಕೂತರೂ ಹಾಲು ಕೊಡುತ್ತಿದ್ದವು. ನಾಲ್ಕನೆಯದು ಚುಕ್ಕಿ, ಸೀಮೆ ಹಸು, ಮೂರರಷ್ಟನ್ನು ಅದೊಂದೇ ಕೊಡುತ್ತಿತ್ತು. ಮೊದಲ ಕರುವಿನಿಂದ ದೇವೇಂದ್ರನ ಕೈಗೇ ಒಗ್ಗಿಹೋದ ಹಸು ಅದು. ಬೇರೆ ಕೈ ತಗುಲಿದರೆ ಹಾಲು ಇಳಿಸುತ್ತಿರಲಿಲ್ಲ, ಒದೆಯುತ್ತಿತ್ತು. ಮಧ್ಯಾಹ್ನ ಕ್ಲಬ್ಬಿಗೆ ಹೊರಡುವ ಮುಂಚೆ ಒಂದು ಸಲ, ಬೆಳಗಿನ ಜಾವ ಒಂದು ಸಲ, ಏಳು ವರ್ಷದಿಂದ ಅವನೇ ಅದನ್ನು ಕರೆಯುತ್ತ ಬಂದಿದ್ದ. ಈಗ ಕೈ ಎತ್ತಿಬಿಟ್ಟಿದ್ದ.

ಕ್ಲಬ್ಬು ಇದ್ದದ್ದು ಬೇಲೂರಿನಾಚೆ, ಕಾಫಿ ತೋಟಗಳ ಮಧ್ಯೆ. ದೇವೇಂದ್ರ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ಟೆನ್ನಿಸ್ ಚೆಂಡು ಹೆಕ್ಕುವುದಕ್ಕೆ ಅಲ್ಲಿ ಸೇರಿದ. ಆಮೇಲೆ ಮಾರ್ಕರ್ ಆದ. ಮಾರ್ಕರ್ ಎಂದರೆ ಮೆಂಬರುಗಳು ಆಡುವಾಗ ಪಕ್ಕದಲ್ಲಿ ನಿಂತು ಅಂಕ ಬರೆಯುವವನು, ಆಡಲು ಜೊತೆ ಸಿಗದ ಮೆಂಬರಿನ ಜೊತೆ ಆಡುವವನು, ಆಟ ಮುಗಿದ ಮೇಲೆ ಸೋಡಾ ತಂದು ಕೊಡುವವನು. ಬಾರಿನ ಪಕ್ಕದ ಗೋಡೆಗೆ ಬಿಳಿಯರ ಕಾಲದ ಒಂದು ಡಾರ್ಟ್ ಬೋರ್ಡು, ಮುಳ್ಳಿನಂಥ ಪುಟ್ಟ ಬಾಣ ಎಸೆಯುವ ದುಂಡು ಹಲಗೆ, ತೂಗುತ್ತಿತ್ತು. ಐನೂರ ಒಂದರಿಂದ ಶುರು, ಮೂರು ಮೂರು ಬಾಣ ಎಸೆದು ಬಿದ್ದಷ್ಟನ್ನು ಕಳೆಯುತ್ತ ಸೊನ್ನೆಗೆ ಬರಬೇಕು, ಕೊನೆಯ ಬಾಣ ಹೊರಸುತ್ತಿನ ಸಣ್ಣ ಪಟ್ಟಿಗೇ, ಅಂಕ ಎರಡರಷ್ಟಾಗುವ ಡಬಲ್‌ಗೇ, ಬೀಳಬೇಕು. ಮೈಸೂರಿನ ಕಾಲೇಜಿನಲ್ಲಿ ಓದಿದ ತೋಟದ ಮಕ್ಕಳು ಬೆರಳು ಮಡಿಚುತ್ತಿರುವಾಗಲೇ ಇವನು ಸ್ಲೇಟಿನ ಮೇಲೆ ಉಳಿದ ಅಂಕ ಬರೆದಿರುತ್ತಿದ್ದ. ಒಂದು ಮಳೆಗಾಲದ ಸಂಜೆ ಜನ ಸಾಲದೆ ಇವನನ್ನೂ ನಿಲ್ಲಿಸಿದರು. ಇವನು ಎಲ್ಲರನ್ನೂ ಸೋಲಿಸಿದ.

ಅವತ್ತಿನಿಂದ ಕ್ಲಬ್ಬಿನ ಅಧ್ಯಕ್ಷ ಜಯದೇವಪ್ಪ ಇವನನ್ನು ಜೀಪಿನ ಹಿಂದೆ ಕೂರಿಸಿಕೊಂಡು ಊರೂರು ಸುತ್ತಿದರು. ಆ ಕಡೆಯ ಕ್ಲಬ್ಬು, ಈ ಕಡೆಯ ಕ್ಲಬ್ಬು, ಘಟ್ಟದ ಕೆಳಗಿನ ಕ್ಲಬ್ಬು. ಸಾಹುಕಾರರು ಇವನ ಮೇಲೆ ಪಂದ್ಯ ಕಟ್ಟುತ್ತಿದ್ದರು, ಇವನು ಗೆಲ್ಲುತ್ತಿದ್ದ, ಗೆದ್ದ ಮೇಲೆ ಡ್ರೈವರುಗಳ ಶೆಡ್ಡಿನಲ್ಲಿ ಕೂತು ಊಟ ಮಾಡುತ್ತಿದ್ದ. ಆಡಿ ಸಂಬಳ ತಿನ್ನುವ ಆಟಗಾರ ಎಂದು ಹಾಸನ ಜಿಲ್ಲೆಯಲ್ಲಿ ಒಬ್ಬನಿದ್ದರೆ ಅದು ದೇವೇಂದ್ರ. ಸಂಬಳದ ಪುಸ್ತಕದಲ್ಲಿ ಮಾತ್ರ ಅವನ ಹೆಸರು ಮಾಲಿಯ ಕೆಳಗೆ, ಕಾವಲುಗಾರನ ಮೇಲೆ ಇತ್ತು.

ಆ ವರ್ಷ, ತೊಂಬತ್ತೇಳರ ನವೆಂಬರಿನಲ್ಲಿ, ಜಯದೇವಪ್ಪ ಒಂದು ಮಾತು ಕೊಟ್ಟರು. ಡಿಸೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ರಾಜ್ಯದ ಪಂದ್ಯ. ಮೊದಲ ನಾಲ್ಕು ಜನ ರಾಜ್ಯದ ತಂಡಕ್ಕೆ. ಕ್ಲಬ್ಬಿನ ಪರವಾಗಿ ನಿನ್ನ ಹೆಸರು ಕಳಿಸುತ್ತೇನೆ ಎಂದರು. ಕಳಿಸಿಯೂ ಬಿಟ್ಟರು.

ದೇವೇಂದ್ರನಿಗೆ ಬೇಕಾಗಿದ್ದು ಆ ನಾಲ್ಕರಲ್ಲಿ ಒಂದು ಜಾಗ. ಸಾಹುಕಾರನ ಕೈ ಎಂದಲ್ಲ, ತನ್ನ ಹೆಸರಿಗೆ ಆಡುವ ಜಾಗ.

ಹಾಲು ಕರೆದ ದಿನ ಅವನ ಹೆಬ್ಬೆರಳು ಬಿಗಿದುಕೊಂಡು ಸಣ್ಣಗೆ ನಡುಗುತ್ತಿತ್ತು, ಬಾಣ ಬೆರಳನ್ನು ಒಂದು ಚೂರು ತಡವಾಗಿ ಬಿಡುತ್ತಿತ್ತು. ಆ ಒಂದು ಚೂರು ಗೋಡೆ ಮುಟ್ಟುವಷ್ಟರಲ್ಲಿ ಅರ್ಧ ಇಂಚಾಗುತ್ತದೆ. ಅರ್ಧ ಇಂಚಿನಲ್ಲಿ ಇಪ್ಪತ್ತರ ಮನೆ ತಪ್ಪಿ ಪಕ್ಕದ ಒಂದರ ಮನೆಗೆ ಬೀಳುತ್ತದೆ. ಇದನ್ನು ಅವನು ಮನೆಯಲ್ಲಿ ಹೇಳಿದ. ಮುದ್ದೆ ಮುರಿಯುತ್ತಿದ್ದ ಕೆಂಚಪ್ಪ, ಮುಳ್ಳು ಎಸೆಯೋಕೂ ಪಥ್ಯ ಬೇಕೇನ್ಲಾ ಎಂದ. ಮೋಹನ್‌ಕುಮಾರ್ ಸಾರು ಸುರಿದುಕೊಂಡ. ಜಾನಕಮ್ಮ ಮಾತ್ರ ಮಗನ ಬೆರಳು ಹಿಡಿದು ನೋಡಿ, ಹೂಂ ಕಣಪ್ಪ, ಬಾತ್ಕೊಂಡೈತೆ ಎಂದಳು. ಸೊಸೆಯನ್ನು ನೋಡಿದಳು. ಆ ನೋಟಕ್ಕೆ ಕೋಮಲ ಒಪ್ಪಿಕೊಂಡಳು, ಬೇರೆ ದಾರಿ ಯಾರೂ ಇಟ್ಟಿರಲಿಲ್ಲ.

ಮೊದಲ ದಿನ ಚುಕ್ಕಿ ಕೋಮಲಳ ಮೊಣಕಾಲಿಗೆ ಒದ್ದಿತು. ಎರಡನೇ ದಿನ ಕಾಲಿಗೆ ಹಗ್ಗ ಕಟ್ಟಿದರು, ಒದೆಯಲಿಲ್ಲ, ಹಾಲೂ ಇಳಿಸಲಿಲ್ಲ. ಮೂರನೇ ದಿನ ಜಾನಕಮ್ಮ ಗೂಟದಲ್ಲಿದ್ದ ದೇವೇಂದ್ರನ ನೀಲಿ ಅಂಗಿ ತಂದಳು. ಕೊಟ್ಟಿಗೆ ಕೆಲಸಕ್ಕೆಂದೇ ಹಾಕುತ್ತಿದ್ದ ಅಂಗಿ, ಸಗಣಿ ಬೆವರು ಎಲ್ಲ ಮೆತ್ತಿದ್ದು. ಇದ ಹಾಕ್ಕೋ ಎಂದಳು. ಕೋಮಲ ಸೀರೆಯ ಮೇಲೆ ಅದನ್ನು ತೊಟ್ಟು ಕೂತಳು. ಚುಕ್ಕಿ ಹಿಂದೆ ತಿರುಗಿ ಮೂಸಿತು, ಮೂಗಿನಿಂದ ಉಸಿರು ಬಿಟ್ಟಿತು, ಹಾಲು ಇಳಿಸಿತು. ಅತ್ತೆ ಸೊಸೆ ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಆ ಮೂರು ವಾರದಲ್ಲಿ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೊಂದೇ ಸಲ.

ಅಂಗಿಯನ್ನು ಒಗೆಯಬಾರದು ಎಂದು ನಿಯಮವಾಯಿತು. ಹತ್ತು ದಿನಕ್ಕೆ ಅದು ನಿಲ್ಲಿಸಿದರೆ ನಿಲ್ಲುವಷ್ಟು ಗಟ್ಟಿಯಾಯಿತು. ಕೋಮಲ ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದಳು, ನಾಲ್ಕು ಹಸು ಕರೆದು, ಕೊಟ್ಟಿಗೆ ಬಾಚಿ, ರೊಟ್ಟಿ ತಟ್ಟಿ, ಮಗಳು ಸುಷ್ಮಿತಾಳನ್ನು ಅಂಗನವಾಡಿಗೆ ಬಿಟ್ಟು ಬಂದು, ಮತ್ತೆ ಮಧ್ಯಾಹ್ನ ಕರೆಯುತ್ತಿದ್ದಳು. ಮಣಿಕಟ್ಟು ಊದಿಕೊಂಡಿತು. ಲೋಟ ಎತ್ತಿದರೆ ಕೈ ಸೋಲುತ್ತಿತ್ತು. ದೇವೇಂದ್ರ ಹಿತ್ತಲಿನ ತೆಂಗಿನ ಮರಕ್ಕೆ ಹಲಗೆ ಹೊಡೆದು ಬೆಳಗ್ಗೆಯಿಂದ ಟಪ್ ಟಪ್ ಎಂದು ಎಸೆಯುತ್ತಿದ್ದ, ದಿನಕ್ಕೆ ಆರುನೂರು ಬಾಣ. ಆ ಸದ್ದು ಕೇಳುತ್ತಲೇ ಅವಳು ಪಾತ್ರೆ ಉಜ್ಜುತ್ತಿದ್ದಳು.

ಮೂರನೆಯ ವಾರದ ಒಂದು ರಾತ್ರಿ ಊಟಕ್ಕೆ ಕೂತಾಗ ಮೋಹನ್‌ಕುಮಾರ್ ತಟ್ಟೆಯಿಂದ ಸ್ವಲ್ಪ ದೂರ ಸರಿದು ಕೂತು, ಸಾರಿಗಿಂತ ನಿನ್ನ ವಾಸ್ನೆನೇ ಜಾಸ್ತಿ ಎಂದ. ಹೆಂಡತಿಗೆ ಹೇಳಿದ್ದು, ಅಪ್ಪ ಅಮ್ಮನ ಎದುರು.

ಕೋಮಲ ಸೌಟು ಕೆಳಗಿಟ್ಟಳು.

“ಯಾರ ವಾಸ್ನೆ ಅಂತ ಗೊತ್ತೈತಾ? ನಿಮ್ ತಮ್ಮನ ವಾಸ್ನೆ. ಮೂರು ವಾರದಿಂದ ಅವನ ಬೆವರು ಹೊದ್ಕೊಂಡು ಕೂತಿದೀನಿ. ಎಷ್ಟು ಸ್ನಾನ ಮಾಡಿದ್ರೂ ಹೋಗಲ್ಲ. ನೀವು ರಾತ್ರಿ ಮಗ್ಗುಲು ತಿರುಗ್ಸಿಕೊಂಡು ಮಲಗ್ತೀರ. ಅಷ್ಟು ಅಸಹ್ಯ ಆದ್ರೆ ನಾಳೆಯಿಂದ ನೀವೇ ಅದನ್ನ ಹಾಕ್ಕೊಂಡು ಕೂತ್ಕಳಿ.”

“ಗಂಡಸ್ರ ಮುಂದೆ ಏನ್ ಮಾತಮ್ಮ ಅದು,” ಎಂದ ಕೆಂಚಪ್ಪ.

“ಯಾವ ಗಂಡಸ್ರು ಮಾವ? ಹಾಲು ಕರೆಯೋದು ನಾನು, ಚೀಟಿ ತರೋದು ನೀವು, ಚೀಟಿ ಬರೆಯೋದು ಇವ್ರು. ಮುಳ್ಳು ಎಸೆಯೋದು ಅವ್ನು.”

ದೇವೇಂದ್ರ ತಟ್ಟೆ ನೋಡುತ್ತ, ಇನ್ನು ಐದೇ ದಿನ ಅತ್ತಿಗೆ, ತಂಡಕ್ಕೆ ಆಯ್ಕೆಯಾದ್ರೆ ಹಾಲು ಕರೆಯೋಕೆ ಆಳು ಇಟ್ಬಿಡ್ತೀನಿ ಎಂದ. ಅವಳು ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಳು. ಕೋಪದಲ್ಲೇ ಹಾಕಿದಳು, ಆದರೆ ಹಾಕಿದಳು.

ಹೊರಡುವ ಹಿಂದಿನ ದಿನ ಮಧ್ಯಾಹ್ನದ ಹಾಲು ಕರೆದಿಟ್ಟು ಕೋಮಲ ಮಗಳನ್ನು ಕರೆದುಕೊಂಡು ಹಳೇಬೀಡಿನ ಆಸ್ಪತ್ರೆಗೆ ಹೋಗಿದ್ದಳು, ಮಣಿಕಟ್ಟಿಗೆ ಮುಲಾಮು ತರಲು. ಮನೆಯಲ್ಲಿ ಜಾನಕಮ್ಮ ಒಬ್ಬಳೇ ಮಗನ ಚೀಲ ಕಟ್ಟುತ್ತಿದ್ದಳು. ದೇವೇಂದ್ರನಿಗೆ ಒಳ್ಳೆಯದು ಎಂದು ಇದ್ದದ್ದು ಒಂದು ಬಿಳಿ ಅಂಗಿ. ಪಂದ್ಯ ಎರಡು ದಿನ. ದೊಡ್ಡ ದೊಡ್ಡವರ ಎದುರು ಮಗ ನಿನ್ನೆಯ ಅಂಗಿಯಲ್ಲೇ ನಿಲ್ಲಬೇಕೇ ಎಂದು ಅವಳಿಗೆ ಅನ್ನಿಸಿತು. ಮನೆಯಲ್ಲಿ ಸುತ್ತಲೂ ನೋಡಿದಳು. ಗೂಟದಲ್ಲಿ ನೀಲಿ ಅಂಗಿ ಇತ್ತು, ಒಂದು ಕಡೆಯೂ ಹರಿದಿರಲಿಲ್ಲ. ಅದನ್ನು ಸೋಪಿನ ಪುಡಿಯಲ್ಲಿ ಎರಡು ಸಲ ನೆನೆಸಿ, ಉಜ್ಜಿ, ಗಂಜಿ ಹಾಕಿ, ಒಣಗಿಸಿ, ಕೆಂಡದ ಇಸ್ತ್ರಿ ತಿಕ್ಕಿ, ಮಡಿಸಿ ಚೀಲದ ತಳಕ್ಕೆ ಇಟ್ಟಳು. ಆ ಅಂಗಿಯ ಉಪಯೋಗ ಅವಳೇ ಕಂಡುಹಿಡಿದದ್ದು. ಆ ಹೊತ್ತಿನಲ್ಲಿ ಅವಳಿಗೆ ಮಗ ಮಾತ್ರ ಕಾಣುತ್ತಿದ್ದ, ಹಸು ಕಾಣಲಿಲ್ಲ.

ಮಾರನೆಯ ದಿನ ಕೋಮಲ ಏಳುವ ಮುಂಚೆಯೇ ದೇವೇಂದ್ರ ರಸ್ತೆಗೆ ಹೋಗಿ ಜಯದೇವಪ್ಪನವರ ಜೀಪು ಹತ್ತಿದ. ಬೆಂಗಳೂರಿನಲ್ಲಿ ಮೊದಲ ದಿನ ಬಿಳಿ ಅಂಗಿ ತೊಟ್ಟು ಐದು ಆಟ ಆಡಿದ, ಐದೂ ಗೆದ್ದ. ಹೆಬ್ಬೆರಳು ಬೆಣ್ಣೆಯಂತಿತ್ತು. ಎಸೆದ ಬಾಣ ಬೋರ್ಡಿಗೆ ಹೋಗಿ ಕೂರುವ ಮೊದಲೇ ಅವನಿಗೆ ಅಂಕ ಗೊತ್ತಾಗುತ್ತಿತ್ತು. ಎರಡನೇ ದಿನ ನೀಲಿ ಅಂಗಿ. ಎಂಟು ಜನರ ಸುತ್ತಿನಲ್ಲಿ ಅವನ ಎದುರು ನಿಂತವನು ಯುವರಾಜ್, ಚಿಕ್ಕಮಗಳೂರಿನ ಕಡೆಯ ತೋಟದ ಮಗ, ಕ್ಲಬ್ಬಿನಲ್ಲಿ ಇವನಿಗೆ ಎರಡು ಸಲ ಸೋತಿದ್ದವನು. ಮೂರನೆಯ ಸಲವೂ ಸೋತ. ಕೊನೆಯಲ್ಲಿ ಮೂವತ್ತೆರಡು ಉಳಿದಿತ್ತು. ಹದಿನಾರರ ಡಬಲ್‌ಗೆ ದೇವೇಂದ್ರ ಒಂದೇ ಬಾಣ ಬಿಟ್ಟ. ಬಿತ್ತು.

ನಾಲ್ಕು ಜನರಲ್ಲಿ ಒಬ್ಬನಾದ. ಯಾರೋ ಅವನ ಬೆನ್ನು ತಟ್ಟಿದರು. ಯಾರೋ ಸಾಸರಿನ ಮೇಲೆ ಕಪ್ಪಿಟ್ಟು ಟೀ ತಂದುಕೊಟ್ಟರು, ಕುರ್ಚಿ ತೋರಿಸಿ ಕೂತ್ಕೊಳ್ಳಿ ಎಂದರು. ಹತ್ತು ವರ್ಷದಲ್ಲಿ ಡಾರ್ಟ್ ಬೋರ್ಡು ಇರುವ ಕೋಣೆಯಲ್ಲಿ ಅವನು ಕೂತದ್ದು ಅದೇ ಮೊದಲು. ಆ ಕುರ್ಚಿಯಲ್ಲಿ ಮುಕ್ಕಾಲು ಗಂಟೆ ಕೂತಿದ್ದ.

ಆಮೇಲೆ ಮೇಜಿನ ಹತ್ತಿರ ಕರೆದರು. ಯುವರಾಜ್ ಅಲ್ಲಿ ನಿಂತಿದ್ದ, ಅಂಗಿಯ ತೋಳು ಮಡಿಚಿಕೊಂಡು. ಈ ಪಂದ್ಯ ಕ್ಲಬ್ಬುಗಳ ಮೆಂಬರುಗಳಿಗೆ, ಸಂಬಳದ ಕೆಲಸದವರಿಗಲ್ಲ, ಇವನು ನನಗೇ ಸೋಡಾ ತಂದುಕೊಟ್ಟವನು ಎಂದು ಅವನು ದೂರು ಕೊಟ್ಟಿದ್ದ. ಸೋಲುವವರೆಗೆ ಅವನಿಗೆ ಆ ಸೋಡಾ ನೆನಪಾಗಿರಲಿಲ್ಲ. ಮೇಜಿನವರು ಜಯದೇವಪ್ಪನವರನ್ನು ಕೇಳಿದರು. ಎಲ್ಲ ಆಟಗಾರರೂ ಸುತ್ತ ನಿಂತಿದ್ದರು.

“ಇವರು ನಿಮ್ಮ ಮೆಂಬರಾ, ಸರ್?”

ಒಂದು ಮಾತು ಸಾಕಿತ್ತು. ಅರ್ಜಿಯಲ್ಲಿ ಮೆಂಬರ್ ಎಂದು ಬರೆದು ಸಹಿ ಹಾಕಿದವರೇ ಅವರು. ಆದರೆ ಹೌದು ಎಂದರೆ ನಾಳೆ ಅದೇ ಮಾತು ಬೇಲೂರಿಗೆ ಹೋಗುತ್ತದೆ, ಮಾರ್ಕರ್ ನಮ್ಮ ಜೊತೆ ಕೂರುತ್ತಾನಾ ಎಂದು ಉಳಿದ ಮೆಂಬರುಗಳು ಕೇಳುತ್ತಾರೆ. ಜಯದೇವಪ್ಪ ವಾಚು ನೋಡಿಕೊಂಡರು.

“ನಮ್ಮ ಕ್ಲಬ್ಬಿನ ಮಾರ್ಕರ್. ಕೆಲಸದವನು. ಆಡೋರು ಸಾಲದು ಅಂತ ಕರ್ಕೊಂಡು ಬಂದೆ, ಗುಮಾಸ್ತ ಏನೋ ತಪ್ಪು ಬರೆದಿರಬೇಕು.”

ದೇವೇಂದ್ರನ ಹೆಸರಿನ ಮೇಲೆ ಗೆರೆ ಎಳೆದು ಯುವರಾಜನ ಹೆಸರು ಬರೆದರು. ದೇವೇಂದ್ರ ಬಾಗಿಲ ಕಡೆ ತಿರುಗಿದಾಗ ಜಯದೇವಪ್ಪ ಹಿಂದೆಯೇ ಬಂದು ಭುಜದ ಮೇಲೆ ಕೈಯಿಟ್ಟರು. ಮುಂದಿನ ವರ್ಷ ನೋಡೋಣ, ನಿಯಮ ಬದಲಾಯಿಸೋಕೆ ನಾನೇ ಬರೀತೀನಿ ಎಂದರು. ನಂತರ ಅಂಗೈ ಚಾಚಿದರು.

“ಡಾರ್ಟ್ ಕೊಟ್ಬಿಡು. ಕ್ಲಬ್ಬಿಂದು.”

ಕೊಟ್ಟ. ಅವರಿಗೆ ರಾತ್ರಿ ಅಲ್ಲಿ ಊಟವಿತ್ತು, ಇವನು ಒಬ್ಬನೇ ಹಾಸನದ ಬಸ್ಸು ಹತ್ತಿದ.

ಮಾದಿಹಳ್ಳಿಯಲ್ಲಿ ಇಳಿದಾಗ ಬೆಳಗಾಗಿತ್ತು. ಮನೆ ಮುಂದೆ ಹಾಲಿನ ಕ್ಯಾನು ಮಗುಚಿಕೊಂಡು ಬಿದ್ದಿತ್ತು. ಒಳಗೆ ಜಾನಕಮ್ಮ ಗೋಡೆಗೆ ಒರಗಿ ಕೂತಿದ್ದಳು, ಬಲಗೈಗೆ ಬಿದಿರಿನ ಸೀಳು ಕಟ್ಟಿದ್ದರು, ಸುತ್ತ ಮೊಟ್ಟೆಯ ಬಿಳಿ ಬಳಿದ ಬಟ್ಟೆ. ಅವನು ಹೊರಟ ಬೆಳಿಗ್ಗೆ ಕೋಮಲ ಗೂಟ ನೋಡಿದ್ದಳು, ಅಂಗಿ ಇರಲಿಲ್ಲ. ಜಾನಕಮ್ಮನ ಮುಖ ನೋಡಿ ಎಲ್ಲಿ ಹೋಯಿತು ಎಂದು ಅರ್ಥ ಮಾಡಿಕೊಂಡಳು. ನನ್ನ ತಪ್ಪು, ನಾನೇ ಕೂರ್ತೀನಿ, ನಿನ್ನ ಕೈ ಆಗಲೇ ಬಾತೈತೆ ಎಂದು ಅತ್ತೆ ಸೊಸೆಯನ್ನು ಎಬ್ಬಿಸಿ ತಾನೇ ಕೂತಳು. ಚುಕ್ಕಿ ಮೂಸಿತು. ಹಗ್ಗ ಕಿತ್ತುಕೊಂಡು ಒದ್ದಿತು.

ಹಾಸನಕ್ಕೆ ಕರೆದೊಯ್ಯೋಣ ಎಂದು ಕೋಮಲ ಅತ್ತಳು. ಜಾವಗಲ್ ಹತ್ತಿರ ಮೂಳೆ ಕಟ್ಟುವವನು ಇದ್ದಾನೆ, ನಮ್ಮಪ್ಪನ ಕಾಲನ್ನೂ ಅವನ ಅಪ್ಪನೇ ಕಟ್ಟಿದ್ದು ಎಂದು ಕೆಂಚಪ್ಪ ಅಲ್ಲಿಗೇ ಕರೆದೊಯ್ದ.

ದೇವೇಂದ್ರ ಬಾಗಿಲಲ್ಲಿ ನಿಂತ. ಏನಾಯಿತು ಎಂದು ಯಾರೂ ಅವನನ್ನು ಕೇಳಲಿಲ್ಲ. ಕೆಂಚಪ್ಪ ಅವನ ಮೈಮೇಲಿದ್ದ ಅಂಗಿಯನ್ನೇ ನೋಡುತ್ತಿದ್ದ.

“ಶೋಕಿಗೆ ನಿಮ್ಮವ್ವನ ಕೈ ಮುರ್ದ್ಯಲ್ಲೋ.”

“ಅವ್ನನ್ನ ಯಾಕ್ ಬಯ್ತೀರ, ಇಟ್ಟೋಳು ನಾನು,” ಎಂದಳು ಜಾನಕಮ್ಮ. ಮಗನ ಕಡೆ ತಿರುಗಿದಳು. “ಗೆದ್ಯಾ ಮಗ?”

“ಗೆದ್ದೆ ಕಣವ್ವ.”

ಅವಳ ಮುಖ ಅರಳಿತು. ಅವನು ಮುಂದಿನದನ್ನು ಹೇಳಲಿಲ್ಲ. ಅಂಗಿ ಬಿಚ್ಚದೆ ಕೊಟ್ಟಿಗೆಗೆ ಹೋಗಿ ಚುಕ್ಕಿಯ ಕೆಳಗೆ ಕೂತ.

ನಂತರದ ಐದು ವಾರ ಅವನು ನಾಲ್ಕೂ ಹಸು ಕರೆದ, ಎರಡು ಹೊತ್ತೂ. ಕ್ಲಬ್ಬಿಗೆ ಹೋಗಲಿಲ್ಲ. ಹಿತ್ತಲಿನ ಹಲಗೆಯನ್ನು ಕೋಮಲ ಒಲೆಗೆ ಹಾಕಿದಳು, ಕೇಳಿಯೇ ಹಾಕಿದಳು, ಅವನು ಹೂಂ ಎಂದಿದ್ದ. ಮುದ್ದೆ ತಿರುವಲು ಎರಡು ಕೈ ಬೇಕು, ಜಾನಕಮ್ಮನಿಗೆ ಒಂದೇ ಇತ್ತು. ಅವರೆಕಾಳಿನ ಕಾಲ, ಸಿಪ್ಪೆ ಹಿಸುಕಲೂ ಅವಳಿಗೆ ಆಗುತ್ತಿರಲಿಲ್ಲ. ಮೊಮ್ಮಗಳು ಸುಷ್ಮಿತಾ ಅವಳಿಗೆ ತುತ್ತು ಇಡುತ್ತಿದ್ದಳು. ಪಟ್ಟಿ ಬಿಚ್ಚಿದಾಗ ಮಣಿಕಟ್ಟು ಒಂದು ಕಡೆಗೆ ಸೊಟ್ಟಗೆ ಕೂಡಿಕೊಂಡಿತ್ತು. ಮುಷ್ಟಿ ಕಟ್ಟಲು ಬರಲಿಲ್ಲ. ಆಗ ಹಾಸನಕ್ಕೆ ಹೋದರು. ಮತ್ತೆ ಮುರಿದು ರಾಡು ಹಾಕಬೇಕು ಎಂದು ಡಾಕ್ಟರು ಹೇಳಿದರು. ಅಷ್ಟರಲ್ಲಿ ಬೆಂಗಳೂರಿನ ಸುದ್ದಿ ಗಂಗಯ್ಯನ ಮೂಲಕ ಊರಿಗೆಲ್ಲ ಗೊತ್ತಾಗಿತ್ತು, ಜಾನಕಮ್ಮನಿಗೂ. ಅವಳು ಮಗನ ಹತ್ತಿರ ಆ ಮಾತು ಎತ್ತಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಜೀಪು ಬಂತು. ಮನೆ ಮುಂದೆ ಜನ ಕೂಡಿದರು. ಕೆಂಚಪ್ಪ ಒಳಗಿದ್ದ ಒಂದೇ ಕುರ್ಚಿಯನ್ನು ಹೊರಗೆ ತಂದು ಟವೆಲಿನಿಂದ ಒರೆಸಿದ. ಜಯದೇವಪ್ಪ ಕೂತು ಕೋಮಲ ತಂದ ಎಳನೀರು ಕುಡಿದರು, ಜಾನಕಮ್ಮನಿಗೆ ಕಿತ್ತಳೆ ಹಣ್ಣು ಕೊಟ್ಟರು. ಫೆಬ್ರವರಿಯಲ್ಲಿ ಊಟಿ ಕಡೆಯವರು ಬರುತ್ತಿದ್ದಾರೆ, ದೊಡ್ಡ ಪಂದ್ಯ, ಗೆದ್ದರೆ ಆಪರೇಷನ್ ಖರ್ಚು ಪೂರ್ತಿ ನನ್ನದು ಎಂದರು. ಸಂಬಳವನ್ನೂ ಏರಿಸುವುದಾಗಿ ಹೇಳಿದರು. ಬೆಂಗಳೂರಿನ ಹೆಸರೇ ಎತ್ತಲಿಲ್ಲ.

ಜಗುಲಿಯ ಮೆಟ್ಟಿಲ ಮೇಲೆ ದೇವೇಂದ್ರ ಕೂತಿದ್ದ.

“ಸಾಹುಕಾರ್ರು ಇಷ್ಟು ದೂರ ಬಂದವ್ರೆ. ನನ್ ಮಗ ಗಂಡ್ಸು ಕಣ್ರೀ, ಆ ಆಟದಲ್ಲಿ ಅವನ ಮುಂದೆ ನಿಲ್ಲೋನು ಯಾವನೂ ಇಲ್ಲ,” ಎಂದ ಕೆಂಚಪ್ಪ, ಸುತ್ತ ನಿಂತವರಿಗೂ ಕೇಳುವಂತೆ. ಮಗನ ಕಡೆ ಬಗ್ಗಿ ದನಿ ತಗ್ಗಿಸಿದ. “ಒಪ್ಕೊಳ್ಳೋ. ನಿಮ್ಮವ್ವನ ಕೈ ನೋಡು. ನಾಳೆಯಿಂದ ಹಸಿಗೆ ನಾನೇ ಕೂರ್ತೀನಿ.”

ಕೋಮಲ ಬಾಗಿಲಲ್ಲಿ ನಿಂತು ಮಾವನನ್ನು ನೋಡಿದಳು. ಮೋಹನ್‌ಕುಮಾರ್, ಯೋಚ್ನೆ ಮಾಡೋದು ಏನೈತೆ ಇದರಲ್ಲಿ ಎಂದ. ಜಾನಕಮ್ಮ ಕಿತ್ತಳೆ ಹಣ್ಣನ್ನು ಎಡಗೈಯಲ್ಲಿ ತಿರುಗಿಸುತ್ತ ಕೂತಿದ್ದಳು.

ಜಯದೇವಪ್ಪ ಎದ್ದು ಮೆಟ್ಟಿಲ ಹತ್ತಿರ ಬಂದರು.

“ಹಾಲು ಕರೀತಾ ಇದೀಯಂತೆ. ಹೆಬ್ಬೆರಳು ಸರಿ ಇದೆ ತಾನೆ? ಎಲ್ಲಿ, ಕೈ ತೋರಿಸು ನೋಡೋಣ.”

ಅಂಗೈ ಚಾಚಿದರು. ಜನ ಕತ್ತು ಉದ್ದ ಮಾಡಿದರು.

ದೇವೇಂದ್ರ ಆ ಚಾಚಿದ ಅಂಗೈಯನ್ನು ನೋಡಿದ. ಎದ್ದು ನಿಂತ. ಎರಡು ಕೈಯನ್ನೂ ಜೇಬಿಗೆ ಇಳಿಸಿಕೊಂಡು, ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿ, ಜೀಪನ್ನು ಬಳಸಿಕೊಂಡು ರಸ್ತೆಗೆ ಹೋದ. ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಪ್ಪ ಹೆಸರು ಹಿಡಿದು ಎರಡು ಸಲ ಕೂಗಿದ. ಅವನು ಕ್ಲಬ್ಬಿನ ದಾರಿ ಬಿಟ್ಟು ಹಳೇಬೀಡಿನ ಕಡೆ ತಿರುಗಿದ.

“ಬತ್ತಾನೆ ಸಾಹುಕಾರ್ರೇ,” ಎನ್ನುತ್ತಿದ್ದ ಕೆಂಚಪ್ಪ, ಕುರ್ಚಿಯನ್ನು ಮತ್ತೆ ಒರೆಸುತ್ತ. “ಕೂತ್ಕಳಿ. ಬತ್ತಾನೆ.”